ಟ್ರಿಪ್ ಶೀಟು

ಶಿವಮೊಗ್ಗದ ಖಾಸಗಿ ಬಸ್‌ಸ್ಟ್ಯಾಂಡಿನ ಹಿಂದೆ, ಕಂಪನಿಯ ಆಫೀಸು.
ಹೊರಗೆ ಒಬ್ಬ ತೀರ್ಥಳ್ಳಿ ತೀರ್ಥಳ್ಳಿ ತೀರ್ಥಳ್ಳಿ ಎನ್ನುತ್ತಿದ್ದಾನೆ;
ಅವನ ಲೂಪು ನಿಲ್ಲುವುದು ಬಸ್ಸು ಹೊರಟ ಮೇಲೇ.

ಎಷ್ಟು ಟಿಕೆಟ್ಟು ಹರಿದವು ಎಂದು ಕೇಳಿದರೆ
ನಾನು ಬರೆದ ಪ್ರೋಗ್ರಾಮು
ಇಡೀ ವರ್ಷದ್ದನ್ನು ಹೊತ್ತು ತಂದು
ಮೆಮೊರಿಯ ನೆಲಕ್ಕೆ ಸುರಿದು ರಾಶಿ ಮಾಡಿ
ಆಮೇಲೆ ರಾಶಿಯನ್ನು ಅಳೆಯುತ್ತಿತ್ತು.
ಹಳೇ ಲ್ಯಾಪ್‌ಟಾಪಿನ ಫ್ಯಾನು
ಆಗುಂಬೆ ಹತ್ತುವ ಲಾರಿಯ ಹಾಗೆ ಏದುಸಿರು.
"ಒಂದು ಅಂಕಿಗೆ ಇಷ್ಟು ರಾಮಾಯಣವೇ, ಐರಿನ್?" ಎಂದರು ಹಾಲೇಶಪ್ಪ.
ಭಾಷೆಯ ಹೆಸರು ರಸ್ಟ್ ಎಂದಾಗ ಮಾತ್ರ
"ತುಕ್ಕಾ? ಹಾಗಾದ್ರೆ ನಮ್ಮ ಬಸ್ಸಿಗೇ ಮಾಡಿದ್ದು ಬಿಡಿ."

ರಾಶಿ ಬೇಡ ಎಂದು ಅಳಿಸಿದೆ.
ಒಂದೊಂದೇ ಬರಲಿ,
ಬಂದದ್ದಕ್ಕೆ ಒಂದು ಕೂಡು, ಕೈಬಿಡು.
ಹಗುರಾಯಿತು ನಿಜ. ಆದರೆ
ಎಣಿಸಿ ಮುಗಿಯುವಾಗ ಸಾಲೇ ಇಲ್ಲ,
ಇಟರೇಟರನ್ನು ನುಂಗಿ ಕೌಂಟು
ಒಂದು ಸಂಖ್ಯೆಯನ್ನಷ್ಟೇ ಉಗುಳಿತ್ತು.
ಮತ್ತೆ ಕೇಳಿದರೆ ಕಂಪೈಲರ್ ಗದರಿತು:
ನೀನು ಕೊಟ್ಟಾಗಿದೆ. ಕೊಟ್ಟದ್ದು, ಸಾಲವಲ್ಲ.

ಹಾಲೇಶಪ್ಪ ಚರ್ಮದ ಚೀಲ ಬಿಚ್ಚಿ
ಟಿಕೆಟ್ ಕಟ್ಟಿನ ಮೇಲಿನ ಅಂಕಿ ಓದಿದರು: ೪೬೧೨.
ಬೆಳಿಗ್ಗೆ ಶೀಟಿನಲ್ಲಿ ಬರೆದದ್ದು ೪೫೧೮.
"ತೊಂಬತ್ನಾಲ್ಕು."
ಬೆರಳು ಕೂಡ ಮಡಿಸಲಿಲ್ಲ.
"ತೊಂಬತ್ತೈದಲ್ಲವಾ?" ಎಂದೆ.
"ಮೇಲಿನದು ಇನ್ನೂ ಹರಿದಿಲ್ಲಮ್ಮ,
ಹರಿಯದ್ದನ್ನು ಎಣಿಸಬಾರದು."

ಮೂವತ್ತು ಸಾಲು ಅಳಿಸಿ
ಒಂದು ಕಳೆಯುವ ಲೆಕ್ಕ ಬರೆದೆ.
ಫ್ಯಾನು ಸುಮ್ಮನಾಯಿತು.

ಸೋಲಿನ ಸಿಟ್ಟಿಗೆ ಕೇಳಿದೆ:
"ಅದರಲ್ಲಿ ಮಂಡಗದ್ದೆಗೆ ಇಳಿದವರು?"

ಚಹಾದ ಲೋಟ ಅರ್ಧದಲ್ಲೇ ನಿಂತಿತು.
"ಅದು ಕಳೆದರೆ ಬರೋದಲ್ಲ.
ಕಡಿಮೆ ಅಂದ್ರೆ ಸೊನ್ನೆ,
ಹೆಚ್ಚು ಅಂದ್ರೆ ತೊಂಬತ್ನಾಲ್ಕು.
ಅಷ್ಟರ ಮೇಲೆ ಬೇಕಂದ್ರೆ ಒಬ್ಬೊಬ್ಬರನ್ನೇ ನೋಡಬೇಕು."

ಕಣ್ಣು ಮುಚ್ಚಿದರು. ಬಸ್ಸು ಹೊರಟಿತು.
ಗಾಜನೂರು ದಾಟಿತು, ಆನೆ ಬಿಡಾರ ದಾಟಿತು.
ಮಂಡಗದ್ದೆಯಲ್ಲಿ ವಿಸಿಲು.
ಬೈನಾಕ್ಯುಲರಿನ ಹುಡುಗರು ಮೂವರು, ಹಕ್ಕಿ ಎಣಿಸಲು ಬಂದವರು.
ಹೊಲಿಗೆ ಯಂತ್ರದ ತಲೆಯನ್ನು ಮಗುವಿನ ಹಾಗೆ ಅಪ್ಪಿದವನೊಬ್ಬ.
ಗಂಡ ಹೆಂಡತಿ, ಮಾತಿಲ್ಲ, ಬೇರೆ ಬೇರೆ ಬಾಗಿಲು.
ಏಳನೆಯವಳು ಹಸಿರು ಕೊಡೆ.

"ಏಳು" ಎಂದು ಕಣ್ಣು ತೆರೆದವರು
ನನ್ನ ಪೆನ್ನು ಕಸಿದು ಶೀಟಿನ ಬೆನ್ನಿಗೆ ಬರೆದರು:
ಹಸಿರು ಕೊಡೆಗೆ ನಾಲ್ಕು ರೂಪಾಯಿ, ಸಾಲ.
"ಚಿಲ್ಲರೆ ಇರಲಿಲ್ಲ. ನಾಳೆ ಹತ್ತುತ್ತಾಳೆ."

ಇದನ್ನು ಎಲ್ಲಿ ತುಂಬಿಸಲಿ ಎಂದು
ಕಾಲಂ ಹುಡುಕುತ್ತ ಕೂತಿದ್ದೇನೆ.