ಎಚ್ಚರಕ್ಕೆ ಮೊದಲಿನ ಎಂಬತ್ತು ಮಿಲಿಸೆಕೆಂಡು

ಮುಹರ್ರಕ್‌ನ ಪಂಪ್‌ಹೌಸಿನಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ
ಏಳನೇ ವಾಲ್ವು ಟಕ್ಕೆಂದು ತೆರೆದು
ಮತ್ತೆ ಮುಚ್ಚಿಕೊಳ್ಳುತ್ತಿತ್ತು, ಯಾರೂ ಹೇಳದೆ.
ಅಷ್ಟರಲ್ಲಿ ಒಂದು ಲೋಟದಷ್ಟು ಕ್ಲೋರಿನ್.
ಕಾವಲಿನ ನೇಪಾಳಿ ಹುಡುಗ ಮೂಗು ಹಿಡಿದು
ಭೂತ, ಮೇಡಂ, ಎಂದ.

ಪ್ರೋಗ್ರಾಂ ಬರೆದವರು ಕೇಬಲ್ಲಿನ ತಪ್ಪೆಂದರು.
ಕೇಬಲ್ ಎಳೆದವರು ಆಗಸ್ಟಿನ ತೇವ ಎಂದರು.
ತೇವವನ್ನು ಯಾರೂ ಕೇಳಲಿಲ್ಲ.

ನಾನು ತುದಿಯ ರೆಸಿಸ್ಟರ್ ಬದಲಿಸಿದೆ, ಕೆಪಾಸಿಟರ್ ಬದಲಿಸಿದೆ,
ಶೀಲ್ಡನ್ನು ಒಂದೇ ಕಡೆ ಭೂಮಿಗೆ ಕಟ್ಟಿದೆ.
ಟಕ್ಕ್.

ಮೂರನೇ ರಾತ್ರಿ ಸ್ಕೋಪಿನ ಎರಡು ಪ್ರೋಬು ಎರಡು ತಂತಿಗೆ ಕಚ್ಚಿಸಿ
ಒಂದೇ ಸಲ ಹಿಡಿ, ನಿಲ್ಲು, ಎಂದು ಬಟನ್ ಒತ್ತಿ
ಬ್ರೇಕರ್ ಎತ್ತಿದೆ.
ಸಿಕ್ಕಿತು.

ಚಿಪ್ಪಿಗೆ ಇನ್ನೂ ಪ್ರಜ್ಞೆ ಬಂದಿಲ್ಲ. ತಾನು ಯಾರೆಂದು ಗೊತ್ತಿಲ್ಲ.
ಕಾಲುಗಳು ಸೊನ್ನೆಯೂ ಅಲ್ಲ ಒಂದೂ ಅಲ್ಲ, ತೇಲುತ್ತಿವೆ.
ಆ ಎಂಬತ್ತು ಮಿಲಿಸೆಕೆಂಡಿನಲ್ಲಿ
ಮಾತಿಗೆ ಅಪ್ಪಣೆ ಕೊಡುವ ಕಾಲು ತಾನಾಗಿಯೇ ಮೇಲೇರಿ
ಬಸ್ಸಿನ ಉದ್ದಕ್ಕೂ ತೊದಲು.
ಆ ತೊದಲಿನಲ್ಲಿ ಏಳಕ್ಕೆ ತನ್ನ ಹೆಸರು ಕೇಳಿಸಿದೆ.
ಹಳೇ ವಾಲ್ವು, ಒಂದೇ ಬೈಟನ್ನು ನಂಬುವ ಜಾತಿ,
ತಾಳೆ ನೋಡುವುದಿಲ್ಲ. ಕರೆದಂತಾಯಿತು, ಓಗೊಟ್ಟಿತು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.
ಈ ಊರಿಗೆ ಎರಡನೇ ಅರ್ಧ ಬಿಡಿಸಿ ಹೇಳಬೇಕಿಲ್ಲ.
ಖಲಫ್ ಚಹಾ ತಂದವನು ಪರದೆ ನೋಡುತ್ತ ನಿಂತ.
ನನ್ನಜ್ಜ ಮುತ್ತಿಗೆ ಮುಳುಗಿದವನಲ್ಲ, ಅಂದ,
ದೋಣಿಯ ಮೇಲೆ ಹಗ್ಗ ಹಿಡಿದವನು.
ಕೆಳಗಿನವನು ಜಗ್ಗುವವರೆಗೆ ಕೆಲಸವಿಲ್ಲ,
ಕೈ ಬಿಡದಿರುವುದೇ ಕೆಲಸ.
ಅವನ ಅಂಗೈ ನೀನು ನೋಡಬೇಕಿತ್ತು.

ಹತ್ತು ಕಿಲೋ ಓಮ್. ಕಂದು, ಕಪ್ಪು, ಕಿತ್ತಳೆ, ಚಿನ್ನದ ಗೆರೆಯೊಂದು.
ಅಕ್ಕಿಕಾಳಿಗಿಂತ ತುಸು ದಪ್ಪ.
ಆ ಕಾಲಿನಿಂದ ನೆಲಕ್ಕೆ ಬೆಸೆದೆ, ಹೊಗೆ ಕಣ್ಣಿಗೆ ಹೊಕ್ಕಿತು.
ಚಿಪ್ಪು ಎಚ್ಚೆತ್ತು ತಾನೇ ಎತ್ತುವವರೆಗೆ ಕೆಳಗಿರಲಿ.
ಎಚ್ಚೆತ್ತ ಮೇಲೆ ಅದಕ್ಕೆ ಈ ಹಿಡಿತ ಗೊತ್ತೂ ಆಗುವುದಿಲ್ಲ.

ಬ್ರೇಕರ್ ಇಳಿಸಿ ಎತ್ತಿದೆ, ಮೂವತ್ತೊಂದು ಸಲ.
ಏಳು ಸುಮ್ಮನಿತ್ತು.
ಮೂವತ್ತೆರಡನೆಯದನ್ನು ಖಲಫ್ ಎತ್ತಿದ,
ನಂಬಿಕೆ ಇಲ್ಲದೆ ಅಲ್ಲ, ಸುಮ್ಮನೆ, ಅಂದ.

ಶುಕ್ರವಾರ ಮೇಲಿನ ಮಂಚದಿಂದ ಮರಿಬೆಲ್ ಬಗ್ಗಿ ಕೇಳಿದಳು:
ಲವೀನಾ, ದಿನಾ ಅಲಾರಾಂ ಹೊಡೆಯುವ ಮೊದಲೇ
ಕಣ್ಣು ಮುಚ್ಚಿಕೊಂಡೇ ಏನೋ ಹೇಳ್ತೀಯಲ್ಲ,
ಬಂದೆ, ಬಂದೆ, ಹಾಗಂದ್ರೇನು?
ಯಾರಿಗೆ?

ಮನೆಯಲ್ಲಿ ನಮ್ಮದು ಕೊಂಕಣಿ. ಇಲ್ಲಿ ಹಿಂದಿ, ಮುರುಕು ಅರಬ್ಬಿ.
ಇದು ಕನ್ನಡ. ಯಾರು ಕರೆದರೋ.
ಎದ್ದು ಕೂತು ನಿನ್ನೆಯ ಅಂಗಿಯ ಜೇಬು ತಡವಿದೆ:
ಉಳಿದ ಎರಡು ರೆಸಿಸ್ಟರು, ಒಂದರ ಕಾಲು ಬಾಗಿದೆ.