ಎಲುಬಿನ ಪಾಲು

ಕುತೈಸಿಯ ಕ್ಷಯದಾಸ್ಪತ್ರೆ, ನೆಲಮಾಳಿಗೆ.
ಎಕ್ಸ್‌ರೇ ಕೋಣೆಯ ಹಿಂದೆ ಉಪ್ಪಿನಕಾಯಿಯ ಹಳೆ ಪೀಪಾಯಿಗಳು ಮೂರು.
ಒಂದರಲ್ಲಿ ದಣಿದ ಫಿಕ್ಸರ್,
ಇನ್ನೊಂದರಲ್ಲಿ ಪಾತ್ರೆ ಉಜ್ಜುವ ಉಕ್ಕಿನ ನಾರು,
ಮೂರನೆಯದರಲ್ಲಿ
ಇನ್ನೂ ನಂಬಿಕೆ ಬಾರದ ನೀರು.

ತ್ಸಿಯಾಲಾ ಮೂಗಿನಲ್ಲೇ ಓದುತ್ತಾಳೆ:
ವಿನೆಗರ್ ನಾತ ಬಂದರೆ ಸರಿ,
ಕೊಳೆತ ಮೊಟ್ಟೆಯದಾದರೆ ಬಾಗಿಲು ತೆಗಿ,
ಅಮೋನಿಯಾ ಬಂದರೆ ಯಾರೋ
ಡೆವಲಪರನ್ನೂ ಇದಕ್ಕೇ ಸುರಿದಿದ್ದಾರೆ.
ಯಾರೋ ಅಂದರೆ ನಾನು.

ರೋಗಿಗೆ ಏರಿಸುವ ಡ್ರಿಪ್ಪಿನ ಕೊಳವೆಯನ್ನೇ ಕಟ್ಟಿ
ನಿಮಿಷಕ್ಕೆ ನಲವತ್ತು ಹನಿ. ಅವಸರ ಕೂಡದು.
ಕಬ್ಬಿಣ ಕರಗುತ್ತ ಕರಗುತ್ತ ಜಾಗ ಬಿಡುತ್ತದೆ,
ಬೆಳ್ಳಿ ಬಂದು ಕೂರುತ್ತದೆ.
ಹೊಳಪಿಲ್ಲ. ಒಲೆಯ ಬೂದಿ ನೆನೆದಂಥ ಕಪ್ಪು ರಾಡಿ.
ಇದು ಬೆಳ್ಳಿ ಅಂದರೆ ಕಳ್ಳನೂ ನಗುತ್ತಾನೆ.

ಎಲ್ಲಿಯ ಬೆಳ್ಳಿ ಇದು, ಒಂದು ಸಂಜೆ ಕೇಳಿದೆ.
ಹಳೆಯ ಫಿಲ್ಮೊಂದನ್ನು ಬಲ್ಬಿಗೆ ಹಿಡಿದಳು.
'ಕಪ್ಪಿದೆಯಲ್ಲ ಮಾಲ್ಖಾಜ್, ಅಲ್ಲಿ ಬೆಳ್ಳಿ ಉಳಿದಿದೆ. ಅದು ಉಸಿರು.
ಬೆಳ್ಳಗಿದೆಯಲ್ಲ, ಅದು ಪಕ್ಕೆಲುಬು.
ಕಿರಣವನ್ನು ದಾಟಗೊಡಲಿಲ್ಲ ಅದು;
ಅಲ್ಲಿಯ ಬೆಳ್ಳಿಗೆ ಕೆಲಸವೇ ಸಿಗಲಿಲ್ಲ,
ತೊಳೆದುಕೊಂಡು ಇಲ್ಲಿಗೆ ಬಂತು.'
ಪೀಪಾಯಿ ತಟ್ಟಿದಳು:
'ಊರಿನ ಎಲುಬಿನ ಪಾಲು.'

ಆಮೇಲೆ ಕೆಲವು ದಿನ ರಾಡಿ ಕಲಕಲು ಕೈ ಬರಲಿಲ್ಲ.
ರೊಟ್ಟಿ ಸುಡುವ ಬದ್ರಿಯ ಕೊರಳೆಲುಬು ಇದರಲ್ಲಿ,
ಚಿಯಾತುರದ ಗಣಿಯವರ ಎದೆಗೂಡುಗಳು,
ಇರಬಾರದ ಕಡೆ ಇದ್ದ ಬಿಳಿ ಚುಕ್ಕೆಗಳ ಪಾಲೂ.
ನನ್ನಪ್ಪನ ಎಡಮಗ್ಗುಲಲ್ಲಿ
ಒಂದು ಮೋಡವಿತ್ತು, ಅಂಗೈಯಷ್ಟು.

ಕೆಳಗೆ ರಿಯೋನಿ ಹೊಳೆ.
ಅಣೆಕಟ್ಟಿನ ಆಚೆ ಕಡಲಿಂದ ಸ್ಟರ್ಜನ್ ಬರುತ್ತದಂತೆ,
ಮೀಸೆಯ, ಮುದಿ ಮುಖದ ಮೀನು, ಮೊಟ್ಟೆಯಿಡಲು.
ಅದರ ಕಿವಿರಿಗೆ ಎಳ್ಳಷ್ಟು ಬೆಳ್ಳಿ ಸಾಕು.
ತ್ಸಿಯಾಲಾ ಒಂದನ್ನೂ ಕಂಡವಳಲ್ಲ.
ಹನಿಗೂಡಿದರೆ ಹಳ್ಳ, ಅದಕ್ಕೇ ಹೆದರಿಕೆ ನನಗೆ, ಅನ್ನುತ್ತಾಳೆ.

ಚಳಿಗಾಲಕ್ಕೆ ಹೊಸ ಯಂತ್ರ ಬಂತು.
ಫಿಲ್ಮಿಲ್ಲ, ನೀರಿಲ್ಲ, ಪರದೆಯ ಮೇಲೆ ಎದೆ.
ಕೊಳ್ಳುವವನು ಕೊನೆಯ ರಾಡಿಯನ್ನು ತೂಗಿ ಒಯ್ದ.
ಬಂದ ದುಡ್ಡಿಗೆ ವಾರ್ಡಿಗೊಂದು ಕೆಟಲ್,
ಉಳಿದದ್ದು ನನ್ನ ಬೂಟಿನ ಅಟ್ಟೆಗೆ.

ಮೂರನೆಯ ಪೀಪಾಯಿ ಮಾತ್ರ ಬಾಕಿ.
ತುಕ್ಕಿನ ಬಣ್ಣದ ನೀರಿಗೆ
ತಾಮ್ರದ ತಂತಿ ಅದ್ದಿದಳು, ನೂರು ಎಣಿಸು ಅಂದಳು.
ಎಣಿಸಿದೆ. ತಂತಿ ಕೆಂಪಾಗಿಯೇ ಇತ್ತು,
ಬೆಳ್ಳಿಯ ಸುಳಿವಿಲ್ಲ, ಚೆಲ್ಲಬಹುದು.

ಒರೆಸಿ ಮತ್ತೆ ಅದ್ದಿದಳು.
ಎಣಿಸು.
ಎಪ್ಪತ್ತರ ಹತ್ತಿರ ನನಗೆ ಲೆಕ್ಕ ತಪ್ಪಿತು.