ಆಟದ ಸಾಮಾನಿನ ಕೋಣೆ

ರಿಪ್ಪನ್‌ಪೇಟೆ ಶಾಲೆಯಲ್ಲಿ ಖಾಲಿ ಕೋಣೆ ಅಂತಿದ್ದದ್ದು
ನನ್ನದೊಂದೇ. ಅದೂ ಖಾಲಿಯಲ್ಲ:
ಹರಿದ ವಾಲಿಬಾಲ್ ನೆಟ್ಟು, ಗುಂಡು, ಚಕ್ರ,
ಟ್ರ್ಯಾಕಿಗೆ ಬಳಿಯುವ ಸುಣ್ಣದ ಮೂಟೆ.

"ವಾರಕ್ಕೊಂದು ದಿನ, ಪಿ.ಟಿ. ಮೇಷ್ಟ್ರೇ,
ಅರ್ಧ ಬಿಟ್ಟುಕೊಡಿ" ಎಂದರು ಹೆಡ್ಮಾಸ್ಟ್ರು.
ಹೋದ ವರ್ಷದ ಕ್ರೀಡಾಕೂಟದ ಬ್ಯಾನರು
ನಡುವೆ ಕಟ್ಟಿದೆ. ಆ ಕಡೆ ಎರಡು ಕುರ್ಚಿ.

ಗುರುವಾರ, ಶಿವಮೊಗ್ಗೆಯ ಒಂಬತ್ತರ ಬಸ್ಸಿಗೆ
ಫ್ಲೇವಿಯಾ ಮೇಡಂ.
ಮೊದಲ ತಿಂಗಳು ಯಾರೂ ಬರಲಿಲ್ಲ.
ಬಂದರೆ ಬೆಂಚಿನ ಮೇಲೆ "ಹುಚ್ಚು" ಅಂತ ಕೊರೆಯುತ್ತಾರೆ.
ಮೇಡಂ ಸುಮ್ಮನೆ ಕೂತು
ನನ್ನ ಸ್ಕಿಪ್ಪಿಂಗ್ ಹಗ್ಗಗಳ ಗಂಟು ಬಿಡಿಸಿದರು,
ಒಂದನ್ನೂ ಕತ್ತರಿಸದೆ.

ಆಮೇಲೆ ಒಂಬತ್ತನೇ ಬಿ ನೇಮಿಚಂದ್ರ,
ಆಟದ ಪಿರಿಯಡ್ಡಲ್ಲಿ ಮರದಡಿ ನಿಲ್ಲುವವನು,
"ಸಾರ್, ಬಾಲು" ಎಂದ.
ಕೊಟ್ಟೆ. ತೊಡೆಮೇಲಿಟ್ಟುಕೊಂಡು
ಬ್ಯಾನರಿನಾಚೆ ಕೂತ.
ಮರುವಾರ ಸುಹಾನಾ, ಆಮೇಲೆ ಅವಳ ಗೆಳತಿ:
"ಬಾಲು."

ಈ ಸಲ ಹೋಬಳಿ ಮಟ್ಟದಲ್ಲೇ ಸೋತೆವು.
ಗಾಳಿ ಹೋದ ಬಾಲನ್ನೂ ನಾನೀಗ ಎಸೆಯುವುದಿಲ್ಲ.
ಗುರುವಾರ ಬಾಗಿಲಲ್ಲೇ ನಿಂತು ಪಂಪು ಹೊಡೆಯುತ್ತೇನೆ,
ಬೇಕಿರಲಿ ಬೇಡದಿರಲಿ. ಆ ಸದ್ದಿಗೆ
ಒಳಗಿನ ಮಾತು ಹೊರಗೆ ಕೇಳದು.

"ಅಳಬೇಡ, ಗಂಡಸಲ್ವಾ, ಇನ್ನೊಂದು ಸುತ್ತು ಓಡು"
ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ
ಎಷ್ಟು ಸಲ ಅಂದೆನೋ, ಲೆಕ್ಕವಿಟ್ಟಿಲ್ಲ.

ಮೊನ್ನೆ ಬಸ್ಸು ಕೆಟ್ಟು ಮೇಡಂ ಬರಲಿಲ್ಲ.
ನೇಮಿಚಂದ್ರ ಬಂದು ನಿಂತ. ಬಾಲು ಕೇಳಲಿಲ್ಲ.
ಸೀಟಿಯನ್ನು ಕೊರಳಿಂದ ತೆಗೆದು ಜೇಬಿಗಿಟ್ಟು
ಆ ಕಡೆಯ ಕುರ್ಚಿಯಲ್ಲಿ ಕೂತೆ.
ಏನು ಕೇಳಬೇಕೆಂದು ಗೊತ್ತಾಗಲಿಲ್ಲ.
ಬೆಲ್ಲಾಯಿತು.
ಇಬ್ಬರೂ ಏಳಲಿಲ್ಲ.